ಠಾಣೆಯ ಕುಂಟು ಬೆಂಚು

ವಿದ್ಯಾರ್ಥಿ ಪೊಲೀಸ್ ಕೆಡೆಟ್ ಪಡೆಯ ಇನ್‌ಸ್ಪೆಕ್ಟರ್ ಸಾಹೇಬರಿಗೆ ನಮಸ್ಕಾರ.

ನನ್ನ ಮಗಳು ನಿಮ್ಮ ಪಡೆ ಸೇರಲು ತಂದ ಅರ್ಜಿಯಲ್ಲಿ, ಮನೆಯವರನ್ನು ಎಂದಾದರೂ ಠಾಣೆಗೆ ಕರೆತಂದಿದ್ದರೇ ಎಂಬ ಪ್ರಶ್ನೆಯಿದೆ.

"ಇಲ್ಲ ಅಂತ ಗೀಚಿ ಬಿಸಾಕೇ, ಯಾರು ನೋಡ್ತಾರೆ?" ಎಂದರು ನಮ್ಮ ಯಜಮಾನರು. ಪೊಲೀಸಾಗ ಹೊರಟವಳ ಅರ್ಜಿಯಲ್ಲೇ ಸುಳ್ಳು ಬೇಡ ಎಂದೆ ನಾನು.

ಹೌದು, ನನ್ನನ್ನೇ ಕರೆತಂದಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ಫುಟ್‌ಪಾತಿನಲ್ಲಿ ಸೂಜಿದಾರ ಮಾರುತ್ತಿದ್ದೆ. ಹಿಡಿದು ನಿಮ್ಮದೇ ಠಾಣೆಗೆ ತಂದು ಕುಂಟು ಬೆಂಚಿನ ಮೇಲೆ ಕೂರಿಸಿದ ಪೇದೆಯವರ ಅಂಗಿಗೆ ಎರಡು ಗುಂಡಿಯೇ ಇರಲಿಲ್ಲ. ಕೂತಲ್ಲೇ ಹೊಲಿದುಕೊಟ್ಟೆ. "ಕೈ ಚೆನ್ನಾಗಿದೆ ತಾಯಿ, ಫುಟ್‌ಪಾತ್ ಬಿಡು, ಹೊಲಿಗೆ ಕಲಿ" ಎಂದು ಕಳಿಸಿಕೊಟ್ಟರು. ಕಲಿತೆ. ಈ ಕಥೆ ಕೇಳಿ ಕೇಳಿಯೇ ಮಗಳಿಗೆ ಖಾಕಿಯ ಹುಚ್ಚು ಹಿಡಿದದ್ದು.

ನನ್ನ ದೆಸೆಯಿಂದ ಅವಳ ಹೆಸರು ಹೊಡೆದುಹಾಕಬೇಡಿ. ಬಟ್ಟೆ ಕೊಟ್ಟರೆ ಸಮವಸ್ತ್ರ ನಾನೇ ಹೊಲಿಯುತ್ತೇನೆ, ಗುಂಡಿ ಕಿತ್ತುಬರುವುದಿಲ್ಲ. ಆ ಬೆಂಚು ಇನ್ನೂ ಇದ್ದರೆ, ಮೊದಲ ದಿನ ಅವಳನ್ನು ಒಂದು ಗಳಿಗೆ ಅದರ ಮೇಲೆ ಕೂರಿಸಿ.

ಇಂತಿ,
ಅರ್ಜಿದಾರಳ ತಾಯಿ, ದರ್ಜಿ