ಜಿಂಕೆ ಬೇಟೆಯ ಸೋಮವಾರ ಬೀಳದೆ ಹೋದ ಮೊಹರು

ಮಾನ್ಯ ಕೌಂಟಿ ಕ್ಲರ್ಕ್ ಅವರೇ,

ನಲವತ್ತಾರು ವರ್ಷಗಳ ಹಿಂದೆ ಪಡೆದ ನನ್ನ ವಿಚ್ಛೇದನದ ಒಂದು ನಕಲು ಕೊಡಿ ಎಂದು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರನೆಯ ಸಲ ನೀವು ನನ್ನ ಕೈಗಿಟ್ಟದ್ದು 'ಅಂಥ ದಾಖಲೆ ಇಲ್ಲ' ಎಂಬ ಪ್ರಮಾಣಪತ್ರ. ಅದಕ್ಕೆ ಉಬ್ಬು ಮೊಹರು ಬೇರೆ! ಇರುವ ಕಾಗದಕ್ಕೆ ಒತ್ತಲು ನಿಮ್ಮಲ್ಲಿ ಮೊಹರಿಲ್ಲ, ಇಲ್ಲದ ಕಾಗದಕ್ಕೆ ಧಾರಾಳವಾಗಿದೆ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಹಸು ಕರೆಯಲು ಹೋದವಳು, ಈ ಲೆಕ್ಕಾಚಾರ ನನ್ನ ತಲೆಗೆ ಹತ್ತಲಿಲ್ಲ. ಅದಕ್ಕೇ ಊರವರೆಲ್ಲ ಓದುವ ಈ ವಾರಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ಓದಿದವರು ಯಾರಾದರೂ ತಿಳಿಸಿ ಹೇಳಲಿ.

ನಕಲು ಯಾಕೆ ಬೇಕು ಎಂದು ನಿಮಗೆ ಗೊತ್ತು. ಓದುವವರಿಗೂ ಗೊತ್ತಾಗಲಿ. ನನ್ನ ಗಂಡ ಲಿಯೋ ಜೂನ್‌ನಲ್ಲಿ ತೀರಿಕೊಂಡರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರಾದ್ದರಿಂದ ಸೈನಿಕರ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಅಲ್ಲಿ ಕಲ್ಲಿನ ಮುಂಬದಿಗೆ ಗಂಡನ ಹೆಸರು, ಹಿಂಬದಿಗೆ ಹೆಂಡತಿಯ ಹೆಸರು. ಗುಂಡಿಯೂ ಒಂದೇ. ಅವರು ಕೆಳಗೆ, ನಾನು ಮೇಲೆ. "ಸತ್ಮೇಲೂ ನೀನೇ ಮೇಲೆ ಕಣೇ, ಹೇಗೂ ನಂಗೆ ಅಭ್ಯಾಸ ಆಗಿದೆ" ಎಂದು ಲಿಯೋ ಆಸ್ಪತ್ರೆಯ ಮಂಚದಲ್ಲೂ ನಗಿಸುತ್ತಿದ್ದರು. ಈಗ ಆ ಜಾಗ ನನ್ನ ಹೆಸರಿಗೆ ಬರೆಸಲು ಹೋದರೆ ಸ್ಮಶಾನದವರು ಹೇಳುತ್ತಾರೆ: ನಿಮಗೆ ಮೊದಲೊಂದು ಮದುವೆ ಆಗಿತ್ತು, ಅದು ಮುರಿದದ್ದಕ್ಕೆ ಮೊಹರು ಬಿದ್ದ ಪ್ರತಿ ತನ್ನಿ. ನನ್ನ ಹೃದಯದ ಕವಾಟ ಸೋರುತ್ತಿದೆ. 'ಮುಂದಿನ ವರ್ಷ' ಎನ್ನುವ ಮಾತನ್ನು ಡಾಕ್ಟರು ನನ್ನೆದುರು ಆಡುವುದನ್ನೇ ಬಿಟ್ಟಿದ್ದಾರೆ. ಕಲ್ಲಿನ ಹಿಂಬದಿ ಇನ್ನೂ ಖಾಲಿ.

ಕಾರಿನ ನಂಬರ್ ಪ್ಲೇಟು ಕೊಡುವ ಕಿಟಕಿಯ ಪಕ್ಕದ ಕಿಟಕಿಯಲ್ಲಿ ನಿಮ್ಮ ಕಚೇರಿಯ ಹುಡುಗಿ ಕೂತಿದ್ದಳು.

"ಕೇಸ್ ನಂಬರ್ ಏನಮ್ಮ?"

"ಮಗಳೇ, ಗಂಡನ್ನ ಬಿಟ್ಟು ಬರುವಾಗ ನಾನು ನಂಬರ್ ಬರ್ಕೊಳ್ಳಲಿಲ್ಲ. ಬಾಣಲೆ ಮಾತ್ರ ತಗೊಂಡು ಬಂದೆ."

ಹುಡುಗಿ ಒಳ್ಳೆಯವಳು, ನಕ್ಕಳು. ನೆಲಮಾಳಿಗೆಗೆ ಇಳಿದು ಧೂಳು ಮೆತ್ತಿದ ಕಡತ ಹುಡುಕಿ ತಂದದ್ದೂ ಅವಳೇ. ನನ್ನ ಅರ್ಜಿ ಅದರಲ್ಲಿದೆ. ನನ್ನ ಮೊದಲ ಗಂಡ ಮರ್ಲ್ ಹೊಯ್ಟ್‌ನ ಕೋಳಿಕಾಲಿನ ಸಹಿ ಇದೆ. ನ್ಯಾಯಾಧೀಶರು ನೀಲಿ ಶಾಯಿಯಲ್ಲಿ ಸಹಿ ಹಾಕಿದ ತೀರ್ಪು ಇದೆ, ನವೆಂಬರ್ ಹದಿನಾರು, ಶುಕ್ರವಾರ. ಇಲ್ಲದಿರುವುದು ಒಂದೇ, ಕ್ಲರ್ಕ್ ಕಚೇರಿಯ ನೋಂದಣಿ ಮೊಹರು. ನ್ಯಾಯಾಧೀಶರು ಸಹಿ ಹಾಕಿದರೂ ನಿಮ್ಮ ಪುಸ್ತಕ ಹತ್ತುವ ತನಕ ಅದು ತೀರ್ಪಲ್ಲವಂತೆ.

ಯಾಕೆ ಹತ್ತಲಿಲ್ಲ? ಕಡತದ ಹೊದಿಕೆಯ ಮೇಲೆ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದಾರೆ: 'ಎಂಟು ಕವಲಿನ ಕೊಂಬು. ಡಿಕ್‌ನ ಲಾರಿಯಲ್ಲಿದೆ, ಹೋಗಿ ನೋಡು.' ಶುಕ್ರವಾರ ಕಳೆದು ಬಂದ ಸೋಮವಾರ ಜಿಂಕೆ ಬೇಟೆಯ ಮೊದಲ ದಿನ. ಆ ದಿನದ ನೋಂದಣಿ ಪುಸ್ತಕ ತೆಗೆಸಿ ನೋಡಿದೆ. ಬೆಳಿಗ್ಗೆಯಿಂದ ಸಂಜೆಯ ತನಕ ಒಂದಕ್ಷರ ಇಲ್ಲ. ಅದರ ಅರ್ಥ ಈ ಕೌಂಟಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಕಚೇರಿ ಬೇಟೆಗಾರರ ಕಿತ್ತಳೆ ಟೋಪಿ ಹಾಕಿಕೊಂಡು ಕಾಡಿನಲ್ಲಿತ್ತು! ಮಂಗಳವಾರ ವಾಪಸು ಬಂದವರು ಜಿಂಕೆಯ ಕೊಂಬು ಎಣಿಸಿದರು, ನನ್ನ ಕಡತ ಕಟ್ಟಿ ಕೆಳಗಿಟ್ಟರು. ಬೇಟೆಗೆ ಹೋದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ದಿನ ಶಾಲೆಗೂ ರಜೆ, ನಾನೂ ಬಂದೂಕು ಹಿಡಿದು ಗುಡ್ಡದಲ್ಲೇ ಇದ್ದೆ. ಆದರೆ ಹೋಗುವ ಮೊದಲು ನಾನು ಓಡಿಸುತ್ತಿದ್ದ ಶಾಲಾ ಬಸ್ಸಿಗೆ ಡೀಸೆಲ್ ತುಂಬಿಸಿಟ್ಟು ಹೋಗಿದ್ದೆ.

ಆಮೇಲೆ ನೀವೇ ಒಳಗಿನಿಂದ ಎದ್ದು ಬಂದಿರಿ. ನಿಮ್ಮನ್ನು ಕಂಡು ನನಗೆ ಜೀವ ಬಂದ ಹಾಗಾಯಿತು, ಸುಳ್ಳು ಹೇಳುವುದಿಲ್ಲ.

"ಮೇಡಂ, ನೋಂದಣಿ ಆಗದ ತೀರ್ಪಿಗೆ ನಕಲು ಕೊಡೋಕಾಗಲ್ಲ."

"ಹಾಗಾದ್ರೆ ಈಗ ನೋಂದಾಯ್ಸು. ಮೊಹರು ನಿನ್ನ ಕೈ ಪಕ್ಕದಲ್ಲೇ ಇದ್ಯಲ್ಲ."

"ಒತ್ತಿದ್ರೆ ಇವತ್ತಿನ ತಾರೀಕೇ ಬೀಳೋದು. ಆಗ ನಿಮ್ಮ ವಿಚ್ಛೇದನ ಇವತ್ತು ಆದ ಹಾಗೆ. ಎರಡನೇ ಮದುವೆ ಅದಕ್ಕೂ ಮೊದಲೇ ಆಗಿರುತ್ತೆ, ಅದು ನಿಲ್ಲಲ್ಲ. ಹಳೇ ತಾರೀಕು ಬೇಕಂದ್ರೆ ಜಡ್ಜ್ ಆದೇಶ ಆಗ್ಬೇಕು. ಯಾರಾದ್ರೂ ಲಾಯರ್‌ನ ನೋಡ್ಕೊಳ್ಳಿ."

"ತಪ್ಪು ನಿಮ್ಮ ಆಫೀಸಿಂದು, ಲಾಯರ್ ನಾನು ಇಡಬೇಕಾ?"

"ಆಗ ನಾನಿನ್ನೂ ಹುಟ್ಟೇ ಇರಲಿಲ್ಲ ಮೇಡಂ."

ಹುಟ್ಟಿರಲಿಲ್ಲ, ಸರಿ. ಹುಟ್ಟಿ, ಬೆಳೆದು, ಬೆನ್ನಿಗೆ ಚೀಲ ಹಾಕಿಕೊಂಡ ಮೇಲೆ ಹನ್ನೆರಡು ವರ್ಷ ನಿಮ್ಮನ್ನು ಶಾಲೆಗೆ ಹೊತ್ತವಳು ಯಾರು? ಏಳನೇ ನಂಬರ್ ಬಸ್ಸು ಯಾರು ಓಡಿಸುತ್ತಿದ್ದರು? ನಿಮ್ಮ ತಾಯಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವುದು ತಡವಾಗುತ್ತಿತ್ತು. ನೀವೇ ಎದ್ದು, ನೀವೇ ಬೂಟು ಕಟ್ಟಿಕೊಂಡು, ಹಿಮದಲ್ಲಿ ಬೀಳುತ್ತ ಏಳುತ್ತ ಓಡಿ ಬರಬೇಕಿತ್ತು. ನಿಯಮದ ಪ್ರಕಾರ ಬಸ್ಸು ನಿಲ್ಲಬೇಕಾದದ್ದು ಎರಡೇ ನಿಮಿಷ. ನಾನು ಹಾರ್ನ್ ಹೊಡೆದು ಐದು ನಿಮಿಷ ಕಾಯುತ್ತಿದ್ದೆ. ಅದಕ್ಕಾಗಿ ನನ್ನ ಮೇಲೆ ಎರಡು ಸಲ ದೂರು ಬರೆದರು. ನೀವು ಹತ್ತಿ ಕೂರುವಾಗ "ಥ್ಯಾಂಕ್ಸ್ ಅರ್ಡಿತ್ ಆಂಟಿ" ಅನ್ನುತ್ತಿದ್ದಿರಿ, ನನಗೆ ಅಷ್ಟು ಸಾಕಾಗಿತ್ತು.

ಈ ಕ್ಲರ್ಕ್ ಹುದ್ದೆಯ ಚುನಾವಣೆಗೆ ನಿಂತಾಗಲೂ ಆಂಟಿಯೇ. ಅಗ್ನಿಶಾಮಕ ಠಾಣೆಯಲ್ಲಿ ಊರವರಿಗೆಲ್ಲ ಸುಟ್ಟ ಕೋಳಿಯ ಊಟ ಇಟ್ಟ ದಿನ ನನ್ನ ತಟ್ಟೆಗೆ ನೀವೇ ತೊಡೆಯ ತುಂಡು ಬಡಿಸಿ, "ಆಂಟಿ, ಏನೇ ಕೆಲಸ ಇದ್ರೂ ಸೀದಾ ನನ್ನ ಹತ್ರಾನೇ ಬನ್ನಿ" ಅಂದಿರಿ. ನಾವು ನಂಬಿದೆವು. ನಮ್ಮ ಅಂಗಳದಲ್ಲಿ ನಿಮ್ಮ ಹೆಸರಿನ ಫಲಕ ನೆಟ್ಟೆವು. ಗಾಳಿಗೆ ಅದು ಬಿದ್ದಾಗ ಲಿಯೋ ಮಂಡಿನೋವು ಕಟ್ಟಿಕೊಂಡು ಹೋಗಿ ಮತ್ತೆ ನೆಟ್ಟು ಬಂದರು. ಮೂರು ಚುನಾವಣೆ, ಎರಡೆರಡು ಮತ. ಸೀದಾ ನಿಮ್ಮ ಹತ್ತಿರವೇ ಬಂದೆನಲ್ಲ, ಆಗ ನಾನು 'ಮೇಡಂ' ಆಗಿಬಿಟ್ಟೆ. ಮೊಹರು ಇಲ್ಲದ್ದಕ್ಕಿಂತ ಆ ಒಂದು ಮಾತು ನನಗೆ ಹೆಚ್ಚು ಉರಿಯಿತು.

ಮೂರ್ಖತನ ನಮ್ಮದೂ ಇದೆ, ಒಪ್ಪುತ್ತೇನೆ. ಲಿಯೋನನ್ನು ಮದುವೆಯಾಗಲು ಪರವಾನಗಿ ಬರೆಸಲು ಹೋದಾಗ ನಮ್ಮ ಊರಿನ ಕ್ಲರ್ಕ್ ವಿನಿಫ್ರೆಡ್ ತನ್ನ ಅಡುಗೆಮನೆಯ ಮೇಜಿನ ಮೇಲೆಯೇ ಅದನ್ನು ಬರೆದಳು. ತೀರ್ಪಿನ ಪ್ರತಿ ಬೇಕಾ ಎಂದು ಕೇಳಿದೆ. "ಬಿಡೇ, ನೀನು ಮರ್ಲ್‌ನ ಬಿಟ್ಟಿದ್ದು ನಾಯಿ ಬೆಕ್ಕಿಗೂ ಗೊತ್ತು. ಕಾಫಿ ಆರುತ್ತೆ, ಕುಡಿ" ಅಂದಳು. ಎಲ್ಲರಿಗೂ ಗೊತ್ತಿರುವುದಕ್ಕೆ ಕಾಗದ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ವಿನಿಫ್ರೆಡ್ ಸತ್ತಳು. ಗೊತ್ತಿದ್ದವರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಉಳಿಯುವುದು ನಿಮ್ಮ ಪುಸ್ತಕ ಮಾತ್ರ, ಅದು ನಾನು ಇನ್ನೂ ಮರ್ಲ್‌ನ ಹೆಂಡತಿ ಅನ್ನುತ್ತದೆ.

ಮರ್ಲ್ ಈಗ ವೃದ್ಧಾಶ್ರಮದಲ್ಲಿದ್ದಾನೆ. ಫೋನ್ ಮಾಡಿ ವಿಷಯ ಹೇಳಿದೆ. ಮೊದಲು ಕೆಮ್ಮುವಷ್ಟು ನಕ್ಕ.

"ಇನ್ನೂ ನನ್ನ ಹೆಂಡ್ತಿನಾ ನೀನು? ಹಾಗಾದ್ರೆ ಬಂದು ನನ್ನ ಸಾಕ್ಸ್ ಒಗಿ!"

"ಒಗೀತೀನಿ, ಕಾಲು ಒಳಗಿರೋವಾಗಲೇ ಒಗೀತೀನಿ" ಅಂದೆ.

ಆಮೇಲೆ ನಗು ನಿಲ್ಲಿಸಿ ಕೇಳಿದ: "ಹಂಗಾದ್ರೆ ಅರ್ಡಿತ್, ನಿನ್ನ ನಂತರ ಕಟ್ಕೊಂಡ ನನ್ನ ಶರ್ಲಿ? ಅವ್ಳು ತೀರ್ಹೋಗಿ ಒಂಬತ್ತು ವರ್ಷ ಆಯ್ತು. ಅವ್ಳು ನಂಗೆ ಏನಾಗಿದ್ಲು?"

ಅವನ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಿಮ್ಮಲ್ಲಿ ಉತ್ತರ ಇದೆಯೇ? 'ಅಂಥ ದಾಖಲೆ ಇಲ್ಲ' ಎಂದು ಅವನಿಗೂ ಒಂದು ಮೊಹರು ಒತ್ತಿ ಕಳಿಸುತ್ತೀರಾ?

ಈಗ ನನಗೆ ಬೇಕಾದದ್ದು ಕೇಳಿ. ನಿಮ್ಮ ಕಚೇರಿಯಿಂದ ಎರಡು ಮಹಡಿ ಮೇಲೆ ನ್ಯಾಯಾಧೀಶರ ಕೋಣೆ ಇದೆ. ಲಿಫ್ಟೂ ಇದೆ. ನನ್ನ ಕಡತವನ್ನು ನೀವೇ ಎತ್ತಿಕೊಂಡು ಹೋಗಿ, "ಈ ತಪ್ಪು ನಮ್ಮ ಕಚೇರಿಯದು, ಹಳೆಯ ತಾರೀಕಿಗೆ ನೋಂದಾಯಿಸಲು ಆದೇಶ ಕೊಡಿ" ಎಂದು ನಿಮ್ಮ ಬಾಯಲ್ಲೇ ಹೇಳಿ. ಲಾಯರನ್ನು ನಾನು ಇಡುವುದಿಲ್ಲ. ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಂಬರ್ ಪ್ಲೇಟಿನ ಕಿಟಕಿಯ ಎದುರಿನ ಬೆಂಚಿನಲ್ಲಿ ಕೂತಿರುತ್ತೇನೆ. ಬೇಟೆ ಈಗ ಶನಿವಾರವೇ ಶುರುವಾಗುವುದರಿಂದ ಸೋಮವಾರಕ್ಕೆ ನೆಪವೂ ಇಲ್ಲ. ಕಾಯುವುದು ನನಗೆ ಬರುತ್ತದೆ, ಅದು ನಿಮಗೆ ಗೊತ್ತು. ಆದರೆ ಈ ಸಲ ಐದು ನಿಮಿಷಕ್ಕಿಂತ ಹೆಚ್ಚು ಇದೆಯೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ.

ಇಂತಿ,
ನಿಮ್ಮ ಪುಸ್ತಕದಲ್ಲಿ ಮರ್ಲ್ ಹೊಯ್ಟ್‌ನ ಹೆಂಡತಿ,
ಊರವರ ಬಾಯಲ್ಲಿ ಲಿಯೋ ಬಾರನ್ಸ್ಕಿಯ ವಿಧವೆ,
ಕಲ್ಲಿನ ಹಿಂಬದಿಯಲ್ಲಿ ಸದ್ಯಕ್ಕೆ ಯಾರೂ ಅಲ್ಲದ
ಅರ್ಡಿತ್, ಏಳನೇ ನಂಬರ್ ಬಸ್ಸು