ಸಾಲಿನಲ್ಲಿ ನಿಂತ ನಮ್ಮ ವರದಿ

ನನ್ನ ಹೊಟ್ಟೆಯೊಳಗಿನ ಪುಟ್ಟಾಣಿಗೆ,

ನನಗೆ ಹೆದರಿಕೆಯಾಗುತ್ತಿದೆ. ನಿನ್ನಪ್ಪನಿಗೆ ಹೇಳಿದರೆ "ಏನೂ ಆಗಲ್ಲ ಬಿಡು" ಅನ್ನುತ್ತಾರೆ, ಆಮೇಲೆ ತಾವೇ ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಾರೆ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ನೀನಾದರೆ ಅರ್ಧಕ್ಕೆ ಎದ್ದು ಹೋಗುವ ಹಾಗಿಲ್ಲ.

ನಿನ್ನಮ್ಮ ರಕ್ತಪರೀಕ್ಷೆಯ ಲ್ಯಾಬೊಂದರ ಮೇಲ್ ಸರ್ವರ್ ನೋಡಿಕೊಳ್ಳುತ್ತಾಳೆ. ಕೆಳಗಿನ ಮಹಡಿಯಲ್ಲಿ ರಕ್ತ ತೆಗೆಯುತ್ತಾರೆ, ಮೇಲಿನಿಂದ ನಾನು ವರದಿಗಳನ್ನು ಜನರ ಇಮೇಲಿಗೆ ಕಳಿಸುತ್ತೇನೆ. ಹೆಚ್ಚಿನವರ ಇಮೇಲ್ ಇರುವುದು ದೊಡ್ಡ ದೊಡ್ಡ ಕಂಪನಿಗಳಲ್ಲಿ. ನಮ್ಮಂಥ ಚಿಕ್ಕವರು ಅವರ ಬಾಗಿಲಿಗೆ ಒಮ್ಮೆಲೇ ನುಗ್ಗಿದರೆ, ಕಸದ ಮೇಲ್ ಕಳಿಸುವ ಪುಂಡರೆಂದುಕೊಂಡು ಎಲ್ಲವನ್ನೂ ವಾಪಸ್ ಅಟ್ಟಿಬಿಡುತ್ತಾರೆ.

ಮೊನ್ನೆ ನಮ್ಮ ಮ್ಯಾನೇಜರ್ ಸಾಹೇಬರಿಗೆ ರಿಯಾಯಿತಿಯ ಹುಚ್ಚು ಹಿಡಿಯಿತು. ಹಳೆಯ ಗಿರಾಕಿಗಳಿಗೆಲ್ಲ ಒಂದು ಜಾಹೀರಾತಿನ ಮೇಲ್ ಹೋಗಬೇಕಂತೆ. "ನಿಧಾನಕ್ಕೆ ಬಿಡ್ತೀನಿ ಸರ್" ಅಂದೆ. "ಒಂದೇ ಸಲ ಬಿಟ್ಬಿಡಮ್ಮ, ಏನಾಗುತ್ತೆ ನೋಡೋಣ" ಅಂದರು. ನೋಡಿದೆವು. ಜಾಹೀರಾತಿನ ಜೊತೆಗೆ ರೋಗಿಗಳ ವರದಿಗಳೂ ವಾಪಸ್ ಬಂದು ಬಿದ್ದವು. ಸಾಹೇಬರು ಅಲ್ಲಿಂದೀಚೆಗೆ ನನ್ನ ಕೋಣೆಯ ಕಡೆ ತಲೆ ಹಾಕಿಲ್ಲ.

ಇದಕ್ಕೆ ಇರುವ ಮದ್ದು ತಾಳ್ಮೆಯೊಂದೇ. ಜಾಹೀರಾತನ್ನು ಕಿತ್ತೆಸೆದು, ಒಂದು ಮೇಲ್‌ಗೂ ಇನ್ನೊಂದಕ್ಕೂ ನಡುವೆ ಅಂತರ ಇಟ್ಟು, ಮಲಗಿದ ಮಗು ಏಳದ ಹಾಗೆ ಹೆಜ್ಜೆ ಇಡುವಂತೆ ಮೆಲ್ಲಗೆ ಬಿಡಬೇಕು. ವಾಪಸ್ ಬರುವುದು ನಿಂತ ಮೇಲೆ ಅಂತರವನ್ನು ಸ್ವಲ್ಪಸ್ವಲ್ಪವೇ ತಗ್ಗಿಸುತ್ತಾ ಹೋಗಬೇಕು. ನಾನೂ ಹಾಗೇ ಶುರುಮಾಡಿದೆ. ವರದಿಗಳೆಲ್ಲ ಸರ್ವರಿನಲ್ಲಿ ಸಾಲಾಗಿ ನಿಂತು ಒಂದೊಂದೇ ಹೊರಡತೊಡಗಿದವು.

ಆ ಸಾಲಿನಲ್ಲಿ ನಮ್ಮ ವರದಿಯೂ ಇತ್ತು, ಪುಟ್ಟಾಣಿ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ "ಒಂದು ರಕ್ತಪರೀಕ್ಷೆ ಮಾಡಿಸಿಬಿಡೋಣ" ಅಂದಿದ್ದರು. ನಿನಗಿಂತ ಮೊದಲು ಬಂದ ಮಗುವಿನ ಸಲವೂ ಇದೇ ಮಾತು, ಇದೇ ಹುಬ್ಬು. ಆ ಮಗು ಉಳಿಯಲಿಲ್ಲ. ವರದಿ ತೆರೆಯುವ ಅಧಿಕಾರ ನನಗಿಲ್ಲ, ಸಾಲಿನಲ್ಲಿ ನನ್ನ ವಿಳಾಸವಷ್ಟೇ ಕಾಣುತ್ತದೆ. ಮೆಟ್ಟಿಲಿಳಿದು ಲ್ಯಾಬಿನವರನ್ನು ಕೇಳಿದ್ದರೆ ಹೇಳುತ್ತಿದ್ದರು. ಕಾಲೇ ಏಳಲಿಲ್ಲ.

ಇವತ್ತು ಮಧ್ಯಾಹ್ನ ಕೌಂಟರಿನವರು ಒಬ್ಬ ಮುದುಕರ ಕರೆಯನ್ನು ನನಗೆ ಕೊಟ್ಟರು. ಅವರ ಹೆಂಡತಿ ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾರೆ, ನಮ್ಮ ವರದಿ ಕೈಗೆ ಬಾರದೆ ಅಲ್ಲಿಯವರು ಆಪರೇಷನ್ ಮಾಡುವಂತಿಲ್ಲ. "ಸಾಲಿನಲ್ಲಿದೆ ತಾತ, ಬರುತ್ತೆ" ಅಂದೆ. "ಬೆಳಗ್ಗೇನೂ ಇದೇ ಹೇಳಿದ್ರಲ್ಲಮ್ಮ. ಸಾಲು ಮುಂದೆ ಹೋಗ್ತಿದೆಯೋ, ನಿಂತಲ್ಲೇ ನಿಂತಿದೆಯೋ? ಹೊಟ್ಟೆಗೇನೂ ಇಲ್ದೆ ಮಲಗಿದ್ದಾಳೆ. ತುಂಬಾ ಹೆದರ್ಕೊಂಡಿದ್ದಾಳೆ" ಅಂದರು. ಆಮೇಲೆ ದನಿ ತಗ್ಗಿಸಿ, "ನಾನೂ" ಅಂದರು.

ಸರ್ವರ್ ನೋಡಿದೆ. ವಾಪಸ್ ಬರುವುದು ನಿನ್ನೆಯೇ ನಿಂತಿತ್ತು. ದೊಡ್ಡ ಕಂಪನಿಯವರು ಬಾಗಿಲು ತೆರೆದಾಗಿತ್ತು. ಆದರೂ ನಾನು ಅಂತರ ತಗ್ಗಿಸಿರಲಿಲ್ಲ. "ಇನ್ನೂ ಸ್ವಲ್ಪ ನೋಡೋಣ, ಎಚ್ಚರಿಕೆ ಒಳ್ಳೇದು" ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಚ್ಚರಿಕೆಯೂ ಇಲ್ಲ, ಮಣ್ಣೂ ಇಲ್ಲ. ನಮ್ಮದೊಂದು ವರದಿ ಬರುವುದು ಬೇಡವೆಂದು ಊರವರ ವರದಿಗಳನ್ನೆಲ್ಲ ಹಿಡಿದು ಕೂತಿದ್ದೆ. ಅದು ಆಗಷ್ಟೇ ಗೊತ್ತಾಯಿತು.

ತಾತನ ಹೆಂಡತಿಯ ವರದಿಯನ್ನು ಮೊದಲು ಕಳಿಸಿದೆ. ನಮ್ಮದನ್ನು ಮಾತ್ರ ತಡೆದು ಉಳಿದದ್ದನ್ನು ಬಿಡಬಹುದಿತ್ತು, ಬೆರಳು ಅಲ್ಲಿಯವರೆಗೂ ಹೋಯಿತು. ಆಮೇಲೆ ಹಲ್ಲು ಕಚ್ಚಿ ಅಂತರ ತಗ್ಗಿಸಿದೆ. ಸಾಲು ಕರಗತೊಡಗಿತು. "ಬಂತಮ್ಮ, ಒಳಗೆ ಕರ್ಕೊಂಡು ಹೋದ್ರು" ಎಂದು ತಾತ ಮತ್ತೆ ಫೋನ್ ಮಾಡಿದರು. ಅದಾದ ಮೇಲೆ ನಿನಗೆ ಬರೆಯಲು ಕೂತೆ. ಸುಮ್ಮನೆ ಕಾಯುವುದು ಆಗುತ್ತಿರಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಬ್ಯಾಗಿನೊಳಗೆ ಫೋನ್ ಮೇಲ್ ಬಂದ ಸದ್ದು ಮಾಡಿತು.

ಅಕ್ಷರ ಸೊಟ್ಟಗಾಗುತ್ತಿದೆ. ಮುಂದೆ ನೀನು ಇದನ್ನು ಓದಿ ನಗುವಂತಾಗಲಿ. ಆ ವರದಿಯಲ್ಲಿ ಏನೇ ಬರೆದಿರಲಿ, ಓದುವ ಮೊದಲೇ ನಿನಗೆ ಪುಟ್ಟಾಣಿ ಎಂದು ಹೆಸರಿಟ್ಟಾಗಿದೆ, ಅದನ್ನು ಇನ್ನು ಯಾರೂ ವಾಪಸ್ ಕಳಿಸುವ ಹಾಗಿಲ್ಲ. ಗಟ್ಟಿಯಾಗಿ ಹಿಡಿದುಕೋ ಕಂದ. ಇಬ್ಬರೂ ಸೇರಿ ನೋಡೋಣ.

ನೂರು ಕಾಲ ಬಾಳು ಎಂದು ಹರಸುತ್ತಾ,
ನಿನ್ನ ಪುಕ್ಕಲು ಅಮ್ಮ