ಉಪ್ಪಿನಕಾಯಿ ಕಲ್ಲು ಹೊತ್ತ ಕೆಂಪು ಕಾರು

ಫುಕಾಉರ, ಅಓಮೊರಿ
೧೮ ಫೆಬ್ರವರಿ ೧೯೯೪

ಪ್ರೀತಿಯ ಕನೆಹಿರೊ ಅವರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಈ ಕಾಗದ ಕೇಪ್‌ಟೌನ್ ಬಂದರಿನಲ್ಲಿ ನಿಮ್ಮ ಕೈ ಸೇರುವ ಹೊತ್ತಿಗೆ ಎಷ್ಟು ಟ್ಯೂನಾ ಹಿಡಿದಿರುತ್ತೀರೋ, ಎಷ್ಟು ಹೊತ್ತಿನ ಊಟ ಬಿಟ್ಟಿರುತ್ತೀರೋ. ಅತ್ತೆ ಗುಂಡುಕಲ್ಲಿನಂತಿದ್ದಾರೆ. ನಾನೂ ಚೆನ್ನಾಗಿದ್ದೇನೆ, ಹೊತ್ತಿಗೆ ಎರಡು ಬಟ್ಟಲು ಅನ್ನ ಉಣ್ಣುವಷ್ಟು ಚೆನ್ನಾಗಿ.

ಈಗ ಬೈಯಬೇಡಿ. ನಿಮ್ಮ ಕೆಂಪು ಕಾರನ್ನು ಹೊರಗೆ ತೆಗೆದಿದ್ದೇನೆ. ಒಂದು ದಿನವಲ್ಲ, ಡಿಸೆಂಬರಿನಿಂದ ದಿನಾ. ನವೆಂಬರಿನಲ್ಲಿ ಹೊರಡುವಾಗ ಟಾರ್ಪಾಲು ಹೊದಿಸಿ, "ಹಿಮ ಕರಗೋವರೆಗೂ ಇದನ್ನ ಮುಟ್ಟಬೇಡ ಕಣೇ" ಎಂದು, ನನಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿ ಹೋದಿರಲ್ಲ, ಅದೇ ಕಾರು. ಏನು ಮಾಡಲಿ? ಬೆಳಗಿನ ಬಸ್ಸು ನಿಲ್ಲಿಸಿಬಿಟ್ಟರು. ಮೀನಿನ ಕಾರ್ಖಾನೆಯವರೆಗೆ ಹಿಮದಲ್ಲಿ ನಡೆಯುವುದು ಈ ಸಲ ನನ್ನಿಂದಾಗುತ್ತಿರಲಿಲ್ಲ.

ಅದರೊಳಗೆ ಕೂತರೆ ನೆಲದ ಮೇಲೇ ಕೂತ ಹಾಗೆ. ಎರಡೂ ಕಡೆ ಹಿಮದ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ, ಎದುರಿಗೆ ಲಾರಿಯ ಚಕ್ರ. ರೆಪ್ಪೆಯಂತೆ ಮುಚ್ಚಿಕೊಳ್ಳುವ ಮುಂದಿನ ದೀಪಗಳು ಹೆಪ್ಪುಗಟ್ಟಿ ಒಂದು ಕಣ್ಣು ಮಾತ್ರ ತೆರೆಯುತ್ತದೆ. ಇನ್ನೊಂದಕ್ಕೆ ಬೆಚ್ಚಗಿನ ನೀರು ಸುರಿದು ಎಬ್ಬಿಸಬೇಕು. ಅತ್ತೆ ಅದಕ್ಕೆ ಕೆಂಪು ಕಪ್ಪೆ ಎಂದು ಹೆಸರಿಟ್ಟಿದ್ದಾರೆ. ಮೊದಲ ದಿನ ನಮ್ಮ ಏರಿನಲ್ಲಿ ಹಿಂದಿನ ಚಕ್ರಗಳು ಸುಮ್ಮನೆ ಸುತ್ತಿದವು. ಅತ್ತೆ ಅಂಗಳದಿಂದ ನೋಡಿದರು, ಒಳಗೆ ಹೋದರು, ಮೂಲಂಗಿ ಉಪ್ಪಿನಕಾಯಿ ಪೀಪಾಯಿಗಳ ಮೇಲೆ ಒತ್ತಲು ಇಟ್ಟ ಕಲ್ಲುಗಳನ್ನೆಲ್ಲ ಹೊತ್ತು ತಂದು ಡಿಕ್ಕಿಗೆ ತುಂಬಿದರು. ನೆರೆಮನೆಯವರಿಗೂ ಮುಟ್ಟಗೊಡದ ಕಲ್ಲುಗಳು! ಆ ಭಾರಕ್ಕೆ ಚಕ್ರ ಹಿಡಿದು ಕಾರು ಏರು ಹತ್ತಿತು. ಈ ವರ್ಷದ ಮೂಲಂಗಿ ಮಾತ್ರ ಮೆತ್ತಗಾಗಿ ತೇಲುತ್ತಿದೆ.

ನಿನ್ನೆ ಅತ್ತೆ ಗುಡ್ಡದಾಚೆಯ ದೇವಸ್ಥಾನಕ್ಕೆ ಹೋಗಲೇಬೇಕೆಂದು ಹಟ ಹಿಡಿದರು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿದರೆ ಉಳಿದದ್ದನ್ನು ನೀವು ಓದುವುದಿಲ್ಲ. ಹಿಮ ಬಿದ್ದು ರೈಲು ಓಡುತ್ತಿರಲಿಲ್ಲ. ಕಪ್ಪೆಯಲ್ಲೇ ಹೊರಟೆವು. ದಾರಿಯುದ್ದಕ್ಕೂ "ಮೆಲ್ಲಗೆ, ಮೆಲ್ಲಗೆ, ಮೊಟ್ಟೆ ಬುಟ್ಟಿ ಅಂದ್ಕೋ" ಎಂದು ಒಂದೇ ಜಪ. ಅರ್ಧ ದಾರಿಯಲ್ಲಿ ಚಕ್ರದ ಜಾಡುಗಳ ನಡುವಿನ ಹಿಮದ ದಿಬ್ಬಕ್ಕೆ ಕಾರಿನ ಹೊಟ್ಟೆ ಕೂತು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ನಾನು ಬಾಗಿಲು ತೆಗೆದೆ. "ಇಳಿದ್ರೆ ಕಾಲು ಮುರೀತೀನಿ, ಕೂತ್ಕೊಳ್ಳೇ!" ಎಂದರು. ಎಪ್ಪತ್ತಮೂರು ವರ್ಷದ ನಿಮ್ಮ ತಾಯಿ ಸಲಿಕೆ ಹಿಡಿದು ಹಿಮದಲ್ಲಿ ಬೋರಲು ಮಲಗಿ ಕಾರಿನಡಿಯನ್ನು ಕೆರೆದರು. ನಾನು ಒಳಗೆ ಕೂತು ಅತ್ತುಬಿಟ್ಟೆ. ನಿಮ್ಮನ್ನು ಅಷ್ಟು ನೆನೆದದ್ದು ಈ ಚಳಿಗಾಲದಲ್ಲಿ ಅದೇ ಮೊದಲು.

ಇನ್ನು ಕೇಳಬೇಕಾದ ಮಾತು. ಈ ಕಾರನ್ನು ಮಾರೋಣವೇ? ಹನ್ನೊಂದು ವರ್ಷ ಸಮುದ್ರದಲ್ಲಿ ದುಡಿದು ಕೊಂಡದ್ದು, ನನಗೆ ಗೊತ್ತು. ಅದನ್ನು ಬಿಟ್ಟರೆ ನೀವು ನಿಮಗೆಂದು ಏನನ್ನೂ ಕೊಂಡವರಲ್ಲ. ಆದರೆ ಹಿರೊಸಾಕಿಯ ಮೇಷ್ಟ್ರೊಬ್ಬರು ಕೇಳುತ್ತಿದ್ದಾರಂತೆ. ಗ್ಯಾರೇಜಿನ ಮಿಕಾಮಿ ಬೇಗ ಉತ್ತರ ಹೇಳಿ ಎನ್ನುತ್ತಾನೆ. ಮಾರಿಬಿಡು ಎಂದು ಅತ್ತೆ ನಾಲ್ಕು ವರ್ಷದಿಂದ ನಿಮ್ಮ ತಲೆ ತಿಂದವರು. ನನಗೂ ಮಾರುವುದೇ ಸರಿ ಅನ್ನಿಸುತ್ತಿದೆ. ಕೇಳದೆ ಮಾರಲು ಮನಸ್ಸು ಒಪ್ಪದು.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಜೊತೆಯವರಿಗೆ ಕೊಟ್ಟುಬಿಡದೆ ನೀವೇ ಹಾಕಿಕೊಳ್ಳಿ. ದೋಣಿಯವರಿಗೆಲ್ಲ ನಮ್ಮಿಬ್ಬರ ನಮಸ್ಕಾರ. ಸಮುದ್ರ ನಿಮ್ಮನ್ನು ಜೋಪಾನವಾಗಿ ವಾಪಸು ಕಳಿಸಲಿ.

ನಿಮ್ಮ
ಸುಮಿಯೆ

ಮರೆತ ಮಾತು: ಮರೆತದ್ದಲ್ಲ, ಹೆದರಿಕೆ. ನಿನ್ನೆ ಪಂಚಾಂಗದಲ್ಲಿ ನಾಯಿಯ ದಿನ, ನಾಯಿಯಷ್ಟು ಸುಲಭವಾಗಿ ಹೆರಿಗೆಯಾಗಲೆಂದು ಬಸುರಿಯರಿಗೆ ಪಟ್ಟಿ ಕಟ್ಟುವ ದಿನ. ದೇವಸ್ಥಾನದಲ್ಲಿ ಕೊಟ್ಟ ಬಿಳಿ ಪಟ್ಟಿಯನ್ನು ಮನೆಗೆ ಬಂದು ಅತ್ತೆಯೇ ನನ್ನ ಹೊಟ್ಟೆಗೆ ಕಟ್ಟಿದರು. ಐದನೆಯ ತಿಂಗಳು. ಡಾಕ್ಟರು ಎಲ್ಲ ಸರಿಯಿದೆ, ಜುಲೈ ಕೊನೆಗೆ ಎಂದಿದ್ದಾರೆ. ಹಿಂದೆ ಎರಡು ಸಲ ಆತುರದಿಂದ ಬರೆದು, ತಿಂಗಳೊಳಗೆ ಇನ್ನೊಂದು ಕಾಗದ ಬರೆಯಬೇಕಾಯಿತು. ಅದನ್ನು ನೀವು ಒಬ್ಬರೇ ಓದಿಕೊಂಡಿರಿ. ಅದಕ್ಕೇ ಈ ಸಲ ಪಟ್ಟಿ ಕಟ್ಟುವವರೆಗೂ ಬಾಯಿ ಬಿಡಬಾರದೆಂದು ಅತ್ತೆಯೂ ನಾನೂ ಮಾತಾಡಿಕೊಂಡೆವು. ಎರಡೇ ಸೀಟಿನ ಕಾರಿನಲ್ಲಿ ಮಗುವನ್ನು ಎಲ್ಲಿ ಕೂರಿಸುವುದು, ಅದಕ್ಕೇ ಮಾರುವ ಮಾತು. ಈ ಕಾಗದ ಅಂಟಿಸುವಾಗ ಅತ್ತೆ ಕೈ ಹಿಡಿದು, ಇದನ್ನೂ ಸೇರಿಸು ಅಂದರು: "ಮಾರೋದು ಬೇಡ. ನನ್ನ ಕಲ್ಲು ಹೊತ್ತಿದೆ, ನನ್ನ ಮೊಮ್ಮಗೂನೂ ಹೊತ್ತಿದೆ. ಅವನು ಬಂದು ಮಗೂನ ಎತ್ಕೊಳ್ಳಲಿ. ಆಮೇಲೂ ಎರಡು ಸೀಟು ಸಾಕು ಅನ್ನೋದಾದ್ರೆ, ನನ್ನೆದುರು ನಿಂತು ಹೇಳಲಿ."